ಹರಾಜುಗಾರನ ಒಣಬಾಯಿ

ಡೂಗಲ್ ರೆನ್ನಿಯ ಬಾಯಿ ನಿಂತಿತೆಂದರೆ ಕುರಿ ಮಾರಾಟವಾಯಿತೆಂದೇ ಲೆಕ್ಕ. ಉತ್ತರ ಸ್ಕಾಟ್ಲೆಂಡಿನ ಆ ಊರಿನ ಜಾನುವಾರು ಹರಾಜು ಕಟ್ಟೆಯಲ್ಲಿ ಈ ನಿಯಮವನ್ನು ಯಾರೂ ಮಾಡಿರಲಿಲ್ಲ, ಆದರೂ ಎಲ್ಲರೂ ಹಾಗೆಯೇ ನಡೆದುಕೊಳ್ಳುತ್ತಿದ್ದರು. ಕಟಕಟೆಯಲ್ಲಿ ನಿಂತು ಅವನು ಬೆಲೆ ಕೂಗತೊಡಗಿದರೆ ಹೊಲಿಗೆ ಯಂತ್ರ ಓಡಿದ ಹಾಗೆ ಒಂದೇ ಸಮನೆ ಸದ್ದು. ಅದು ನಿಂತೊಡನೆ, ಸುತ್ತಿಗೆಯ ಪೆಟ್ಟಿಗೂ ಕಾಯದೆ, ಬಾಗಿಲ ಬಳಿಯ ಫಿನ್ಲೆ ಅಗುಳಿ ಎಳೆಯುತ್ತಿದ್ದ. ಒಂದು ಕುರಿ ಹೊರಗೆ, ಮುಂದಿನದು ಒಳಗೆ.

ಅಕ್ಟೋಬರಿನ ಟಗರು ಮಾರಾಟದಲ್ಲಿ ಈನಾ ಗನ್ ಎಂಬ ಮುದುಕಿಯ ಟಗರು ಕಣಕ್ಕೆ ಬಂತು. ಬೆಲೆ ಇನ್ನೂ ಏರುತ್ತಲೇ ಇತ್ತು. ಅಷ್ಟರಲ್ಲಿ ಡೂಗಲ್‌ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಬಿಡಿಸಿಕೊಳ್ಳಲು ನೋಡಿದ, ಬಾಯಲ್ಲಿ ಒಂದು ಹನಿ ಉಗುಳೂ ಇರಲಿಲ್ಲ. ಫಿನ್ಲೆ ಅಗುಳಿ ಎಳೆದೇಬಿಟ್ಟ. ಟಗರು ಅರ್ಧ ಬೆಲೆಗೆ ಹೋಯಿತು.

"ಏಯ್ ಡೂಗಲ್, ನನ್ ಟಗರನ್ನ ಪುಕ್ಕಟೆ ಕೊಟ್ಬಿಟ್ಯಲ್ಲೋ! ನಾಲಿಗೇನ ಮನೇಲಿ ಹೆಂಡ್ತಿ ಹತ್ರ ಇಟ್ಟು ಬಂದ್ಯಾ?" ಎಂದು ಈನಾ ಕೂಗಿದಳು.

ಕಟ್ಟೆಗೆ ಕಟ್ಟೆಯೇ ನಕ್ಕಿತು. ಡೂಗಲ್ ಮಾತ್ರ ನಗಲಿಲ್ಲ. ಇದು ಇದ್ದಕ್ಕಿದ್ದಂತೆ ಬಂದದ್ದಲ್ಲವೆಂದು ಅವನಿಗೆ ಗೊತ್ತಿತ್ತು. ಬೇಸಿಗೆಯಿಂದಲೇ ಚಹಾದ ಜೊತೆಯ ಓಟ್ಸ್ ಬಿಸ್ಕತ್ತು ಬಾಯಲ್ಲಿ ಮರದ ಹೊಟ್ಟಿನಂತೆ ನಿಲ್ಲುತ್ತಿತ್ತು. ಊಟಕ್ಕೆ ಕೂತರೆ ದವಡೆಯ ಕೆಳಗೆ ಊದಿ ನೋಯುತ್ತಿತ್ತು. ಅವನ ಅಪ್ಪ ಗಂಟಲಿನ ಕ್ಯಾನ್ಸರಿನಿಂದ ಸತ್ತಿದ್ದ. ಆ ಭಯಕ್ಕೇ ಡೂಗಲ್ ಸಿಗರೇಟು ಬಿಟ್ಟು ವೇಪ್ ಎಂಬ ಇ-ಸಿಗರೇಟು ಹಿಡಿದಿದ್ದ. ಅದರಲ್ಲಿ ಬೂದಿಯಿಲ್ಲ, ಕೆಮ್ಮಿಲ್ಲ, ಸಿಹಿ ವಾಸನೆಯ ಆವಿ ಮಾತ್ರ. ಪಾರಾದೆ ಎಂದುಕೊಂಡು ಹಗಲೆಲ್ಲ ಎಳೆಯುತ್ತಿದ್ದ. ಈಗ ಅವನ ಬೆರಳು ತಾನಾಗಿ ದವಡೆಯ ಕೆಳಗೆ ಹೋಗುತ್ತಿತ್ತು.

"ಗಳಿಗೆಗೊಂದ್ ಸಲ ಅಲ್ಲೇನ್ ತಡಕಾಡ್ತೀಯ? ಹೆದರಿದ್ರೆ ಹೆದರಿದೀನಿ ಅನ್ನು, ಮಾರಾಯ. ಆಸ್ಪತ್ರೆಗೆ ನಾನೂ ಬರ್ತೀನಿ" ಎಂದಳು ಹೆಂಡತಿ ಶೋನಾ.

ಆಸ್ಪತ್ರೆಯಲ್ಲಿ ಡಾಕ್ಟರ್ ಕರ್ಸ್ಟಿ ಮೂರ್ ಮೊದಲು ಸ್ಕ್ಯಾನ್ ಯಂತ್ರವಿಟ್ಟು ದವಡೆಯನ್ನು ನೋಡಿದರು. ಆಮೇಲೆ ಅವನ ಕೈಗೆ ಒಂದು ಪುಟ್ಟ ಲೋಟ ಕೊಟ್ಟು, ತಲೆ ಬಗ್ಗಿಸಿ ಕೂತು ಬಾಯಲ್ಲಿ ಊರಿದ್ದನ್ನೆಲ್ಲ ಅದರೊಳಕ್ಕೆ ಬಿಡಲು ಹೇಳಿದರು. ಅವನು ಕಾದ. ಕರುವಿಗೂ ತಾನಾಗಿ ಸುರಿಯುವ ಜೊಲ್ಲು ಅವನಿಗೆ ಬರಲಿಲ್ಲ. ಲೋಟದ ತಳ ಒದ್ದೆಯಾಯಿತೋ ಇಲ್ಲವೋ ಅನ್ನುವಷ್ಟು. ಅಪ್ಪನ ಕೊನೆಯ ದಿನಗಳ ಬತ್ತಿದ ತುಟಿ ಅವನಿಗೆ ನೆನಪಾಯಿತು.

"ಗೆಡ್ಡೆ ಏನೂ ಕಾಣ್ತಿಲ್ಲ. ಕ್ಯಾನ್ಸರ್ ಲಕ್ಷಣ ಇಲ್ಲ. ಆದ್ರೆ ಜೊಲ್ಲಿನ ಗ್ರಂಥಿಗಳು ಸೊರಗಿವೆ. ವೇಪೇ ಕಾರಣ ಅಂತ ನನ್ನ ಅನುಮಾನ. ಆ ಆವಿ ಬಾಯಿಯ ಪಸೆ ಹೀರುತ್ತೆ. ಗ್ರಂಥಿ ಒಳಗಿನ ಜೀವಕೋಶಾನೂ ನಿಧಾನಕ್ಕೆ ಸುಡುತ್ತೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಲ್ಲ, ಆ ಥರ" ಎಂದರು ಡಾಕ್ಟರು.

"ವಾಪಸ್ ಸರಿ ಹೋಗುತ್ತಾ?" ಎಂದು ಡೂಗಲ್ ಕೇಳಿದ.

"ನಿಲ್ಸಿದ್ರೆ ಸರಿ ಹೋಗಬಹುದು. ಎಷ್ಟು ಅಂತ ಮಾತು ಕೊಡಕ್ಕಾಗಲ್ಲ."

"ಹಣ್ಣು, ಸೊಪ್ಪು ಏನಾದ್ರೂ?" ಎಂದು ಶೋನಾ ಕೇಳಿದಳು.

"ತಿನ್ನಲಿ, ಒಳ್ಳೇದು. ಅವುಗಳಲ್ಲಿರೋ ಆಂಟಿಆಕ್ಸಿಡೆಂಟ್ ಈ ತುಕ್ಕನ್ನ ಸ್ವಲ್ಪ ತಡೀಬಹುದು. ವೇಪ್ ಆವಿ ಕುಡಿಸಿದ ಇಲಿಗಳ ಮೇಲೆ ನೋಡಿದಾರೆ, ಅದು ಕೊಟ್ಟಾಗ ಗ್ರಂಥಿ ಅಷ್ಟು ಹಾಳಾಗ್ಲಿಲ್ಲ. ಮನುಷ್ಯರಲ್ಲಿ ಇನ್ನೂ ಖಾತ್ರಿ ಇಲ್ಲ."

ಡೂಗಲ್‌ನ ಒಳಗಿದ್ದ ಹರಾಜುಗಾರ ತಟ್ಟನೆ ಎದ್ದು ಕೂತ. "ಹಂಗಾದ್ರೆ ದಿನಾ ಒಂದು ಬಟ್ಲು ಕಪ್ಪು ದ್ರಾಕ್ಷಿ ತಿಂತೀನಿ. ವೇಪ್ ಅರ್ಧಕ್ಕೆ ಇಳಿಸ್ತೀನಿ. ಎರಡು ಬಟ್ಲು? ಮಧ್ಯಾಹ್ನಕ್ಕೊಂದೇ ಸಲ ಎಳೀತೀನಿ..."

"ರೆನ್ನಿಯವ್ರೇ, ನಿಮ್ ಗ್ರಂಥಿ ಚೌಕಾಸಿ ಮಾಡಲ್ಲ" ಎಂದರು ಡಾಕ್ಟರು.

ಹೊರಗೆ ಬಂದು ಕಾರಿನಲ್ಲಿ ಕೂತಾಗ ಶೋನಾ ಅಂಗೈ ಚಾಚಿದಳು. ಡೂಗಲ್ ವೇಪ್ ತೆಗೆದು ಅದರ ಮೇಲಿಟ್ಟ. ಚಟ ಬಿಡಿಸಲು ಆಸ್ಪತ್ರೆಯವರು ಕೊಟ್ಟ ನಿಕೋಟಿನ್ ಪಟ್ಟಿಯನ್ನು ತೋಳಿಗೆ ಅಂಟಿಸಿಕೊಂಡ. ಆದರೆ ಭಯಕ್ಕೆ ಅಂಥ ಪಟ್ಟಿ ಇರಲಿಲ್ಲ. ಗ್ರಂಥಿ ಚೇತರಿಸಿಕೊಳ್ಳದಿದ್ದರೆ? ಕೂಗುವುದೊಂದನ್ನು ಬಿಟ್ಟು ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ.

ನವೆಂಬರಿನ ಮಾರಾಟದ ದಿನ ಕಟಕಟೆ ಹತ್ತಿ, ಮೊದಲ ಬಾರಿಗೆ ಕುರಿಯ ಬೆಲೆಗೆ ಮುಂಚೆ ತನ್ನ ಮಾತು ಆಡಿದ.

"ಒಂದ್ ನಿಮಿಷ ಕೇಳಿ. ವೇಪ್ ಎಳೆದೆಳೆದು ನನ್ ಬಾಯಿ ಒಣಗಿದೆ. ಯಾವಾಗ ನಿಲ್ಲುತ್ತೋ ನಂಗೇ ಗೊತ್ತಿಲ್ಲ. ಇನ್ಮೇಲೆ ನಾನು ಸುಮ್ನಾದ್ರೆ ಮಾರಾಟ ಆಯ್ತು ಅಂತಲ್ಲ, ನೀರು ಕುಡೀತಿದೀನಿ ಅಂತ. ಸುತ್ತಿಗೆ ಬೀಳೋವರ್ಗೂ ಫಿನ್ಲೆ ಅಗುಳಿ ಮುಟ್ಟಲ್ಲ."

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ರೈತ ಕೈಯಲ್ಲಿದ್ದ ವೇಪನ್ನು ಮೆಲ್ಲಗೆ ಕೋಟಿನ ಜೇಬಿಗೆ ಇಳಿಸಿದ.

"ಇದನ್ನ ನನ್ ಟಗರಿಗಿಂತ ಮುಂಚೆ ಹೇಳೋಕೇನಾಗಿತ್ತೋ, ದಡ್ಡ!" ಎಂದಳು ಈನಾ. ಬೈಗುಳವಾದರೂ ಅವಳ ದನಿ ಮೆತ್ತಗಿತ್ತು.

ಡೂಗಲ್ ಕೂಗತೊಡಗಿದ. ನಾಲ್ಕನೆಯ ಕುರಿಗೆ ನಾಲಿಗೆ ಮತ್ತೆ ಅಂಟಿತು. ಅವನು ನೀರಿನ ಲೋಟ ಎತ್ತಿದ, ಗುಟುಕು ನುಂಗಿದ. ಫಿನ್ಲೆ ಅಗುಳಿಗೆ ಕೈ ಹಾಕಲಿಲ್ಲ. ಕಣದ ನಡುವೆ ಕುರಿ ಕಿವಿ ಅಲ್ಲಾಡಿಸುತ್ತ ನಿಂತಿತ್ತು. ಇಡೀ ಕಟ್ಟೆ, ಆತುರವಿಲ್ಲದೆ, ಅವನ ಬಾಯಿ ತೇವವಾಗುವುದನ್ನೇ ಕಾಯಿತು.