ನೀಲಿ ಬಕೆಟ್ಟು, ಹಳದಿ ಬಳೆ

ಕಳೆದ ವಾರ ಡ್ಯೂಟಿ ಮುಗಿಸಿ ಜಾವಗಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನ ಕೆಳಗೆ ಯಾರೋ ಬಕೆಟ್ಟೊಂದನ್ನು ಇಟ್ಟಿದ್ದರು, ಮೇಲೆ ಒದ್ದೆ ಗೋಣಿತಾಟು. ಕೆರೆಮೀನಿನ ವಾಸನೆ. ಕಂಡಕ್ಟರ್ ಮೂಗು ಮುಚ್ಚಿಕೊಂಡ. ನನಗೆ ಮಾತ್ರ ಆ ವಾಸನೆಯ ಹಿಂದೆಯೇ ನಮ್ಮ ಎದುರುಮನೆಯ ಸ್ಟುಡಿಯೋದವರು ಬಂದು ನಿಂತರು... ಸತ್ತವರನ್ನು ನೆನೆದರೆ ಮನಸ್ಸು ಮೆತ್ತಗಾಗುತ್ತದೆ ಅನ್ನುತ್ತಾರೆ. ನನ್ನದು ಆಗಲಿಲ್ಲ.

ಹಳೇಬೀಡಿನಲ್ಲಿ ಅವರ ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ದೇವಸ್ಥಾನಕ್ಕೆ ಬಂದ ಪ್ರವಾಸಿಗರನ್ನು ನಂದಿಯ ಮುಂದೆ ನಿಲ್ಲಿಸಿ, ಫೋಟೋ ತೆಗೆದು ಬದುಕಿದವರು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಅವರನ್ನು ಕೇಳುವವರಿರಲಿಲ್ಲ. ಆದರೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೋಗಿಬರುವವರ ನಿಲುವಿನಲ್ಲೆಲ್ಲ ತಪ್ಪು ಹುಡುಕುತ್ತಿದ್ದರು. ಬೆಳಗಿನ ಬಸ್ಸಿಗೆ ಓಡುತ್ತಿದ್ದ ನನಗೂ, "ಸಿಸ್ಟರ್, ಕತ್ತು ಸ್ವಲ್ಪ ಎತ್ಕೊಂಡು ನಡೀರಿ" ಎಂದು ಬುದ್ಧಿ ಹೇಳಿದ್ದುಂಟು.

ಆಗಲೇ ನಮ್ಮ ಕೆರೆಗೆ ಆ ಚೀಲಕೊಕ್ಕಿನ ಹೆಜ್ಜಾರ್ಲೆ ಬಂದದ್ದು. ಗಾಳಿಪಟದ ದಾರಕ್ಕೆ ಸಿಕ್ಕಿ ರೆಕ್ಕೆ ಹರಿದುಕೊಂಡಿದ್ದ ಹಕ್ಕಿ. ಬೆಂಗಳೂರಿನ ಯಾವುದೋ ಹಕ್ಕಿ ಆಸ್ಪತ್ರೆಯವರು ಅದನ್ನು ವಾಸಿಮಾಡಿ, ಕಾಲಿಗೆ ಹಳದಿ ಬಳೆ ತೊಡಿಸಿ ಇಲ್ಲಿ ತಂದು ಬಿಟ್ಟರು. ಬಳೆಯ ಮೇಲಿನ ಅಕ್ಷರ ಓದಿ, ಹಕ್ಕಿ ಹೇಗಿದೆ ಎಂದು ಮೊಬೈಲಿನಲ್ಲಿ ತಿಳಿಸುತ್ತಿರಿ ಎಂದು ಕೇಳಿಕೊಂಡು ಹೋದರು. ಅದು ತಾನೇ ಮೀನು ಹಿಡಿದು ಬದುಕುತ್ತದೆಯೇ ಎಂಬುದು ಅವರಿಗೆ ಗೊತ್ತಾಗಬೇಕಿತ್ತು. ಬದುಕಿದರೆ ಇನ್ನಷ್ಟು ಹಕ್ಕಿಗಳನ್ನು ಇಲ್ಲಿಗೇ ಬಿಡುವ ಯೋಚನೆ.

ಊರಿನಲ್ಲಿ ಈ ಕೆಲಸಕ್ಕೆ ಮುಂದೆ ಬಂದವರು ಸ್ಟುಡಿಯೋದವರೊಬ್ಬರೇ. ಹಕ್ಕಿ ನೀರಿನಲ್ಲಿದ್ದರೆ ಬಳೆ ಕಾಣುವುದಿಲ್ಲ, ಆಚೆ ದಡಕ್ಕೆ ಹತ್ತಿದರೆ ಅವರ ಹಳೇ ಕ್ಯಾಮರಾಕ್ಕೆ ಅಕ್ಷರ ಸಿಗುವುದಿಲ್ಲ. ಅದಕ್ಕೆ ಅವರು ಹೂಡಿದ ಉಪಾಯ ಒಂದು ನೀಲಿ ಬಕೆಟ್ಟು. ಬೆಳಗ್ಗೆ ಬಲೆಗಾರರಿಂದ ಸಣ್ಣ ಮೀನು ತಂದು ಕೆರೆಯ ಮೆಟ್ಟಿಲ ಮೇಲೆ ಎರಚುವರು, ಹಕ್ಕಿ ಹತ್ತಿ ಬರುವುದು, ಇವರು ಫೋಟೋ ತೆಗೆದು "ಕಂಡಿದೆ, ಆರೋಗ್ಯವಾಗಿದೆ" ಎಂದು ಕಳಿಸುವರು. ಅಲ್ಲಿಂದ ಬಂದ ಧನ್ಯವಾದಗಳನ್ನೆಲ್ಲ ಪ್ರಿಂಟ್ ತೆಗೆದು ಕಟ್ಟು ಹಾಕಿಸಿ, ಗೋಡೆಯ ಮದುವೆ ಫೋಟೋಗಳನ್ನು ಇಳಿಸಿ ಆ ಜಾಗದಲ್ಲಿ ತೂಗುಹಾಕಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ.

ಉಳಿದ ಹೆಜ್ಜಾರ್ಲೆಗಳು ಕೆರೆಯ ನಡುವೆ ಸಾಲುಗಟ್ಟಿ ಈಜುತ್ತಾ ಮೀನು ಅಟ್ಟುತ್ತಿದ್ದರೆ, ಇದು ಮೆಟ್ಟಿಲ ಬಳಿ ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ ನಿಂತಿರುತ್ತಿತ್ತು. ನಾನು ನರ್ಸು. ಡ್ರಿಪ್ ಹಾಕಿಸಿಕೊಂಡು ಮಲಗಿದವನನ್ನು ತೋರಿಸಿ ಗಟ್ಟಿಮುಟ್ಟಾಗಿದ್ದಾನೆ ಅಂದರೆ ನಂಬುವವಳಲ್ಲ. ಮೀನು ಹಾಕುತ್ತಿರುವುದನ್ನೂ ಹಕ್ಕಿ ಆಸ್ಪತ್ರೆಯವರಿಗೆ ಬರೆಯಬಾರದೇ ಎಂದು ಸ್ಟುಡಿಯೋದವರನ್ನು ಕೇಳಿಯೇಬಿಟ್ಟೆ.

"ಹಕ್ಕಿ ಕಾಣ್ತಾ ಅಂತ ಕೇಳವ್ರೆ, ಹೇಳ್ತೀನಿ. ಊಟಕ್ಕೆ ಯಾರಿಕ್ತಾರೆ ಅಂತ ಕೇಳಿಲ್ಲ ಕಣ್ರೀ."

"ಹಂಗಾದ್ರೆ ಅದು ತಾನೇ ಬದುಕ್ತೈತೆ ಅಂತ ಹೆಂಗೆ ಗೊತ್ತಾಗೋದು?"

"ಕಣ್ಮುಂದೆ ನಿಂತೈತಲ್ಲ ಸಿಸ್ಟರ್. ಸತ್ತಿದ್ರೆ ನಿಲ್ತಿತ್ತಾ?"

ಮೈಯೆಲ್ಲ ಉರಿಯಿತು. ನಾನೇ ಹಕ್ಕಿ ಆಸ್ಪತ್ರೆಗೆ ಫೋನ್ ಮಾಡಿ ಬಕೆಟ್ಟಿನ ವಿಷಯ ಹೇಳಿದೆ. ಫೋನ್ ಎತ್ತಿದ ಹುಡುಗಿ, "ಆ ಸರ್ ತುಂಬಾ ಸಿನ್ಸಿಯರ್ ಮೇಡಂ" ಎಂದು ನನಗೇ ಸಮಾಧಾನ ಹೇಳಿದಳು.

ಆ ವರದಿಗಳನ್ನು ನಂಬಿ ಇನ್ನೆರಡು ಹಕ್ಕಿ ತಂದು ಬಿಟ್ಟರು. ದಡದಲ್ಲೇ ಸ್ಟುಡಿಯೋದವರಿಗೆ ಶಾಲು, ಮೈಸೂರು ಪೇಟ. ಪೇಟ ಕಿವಿಯವರೆಗೆ ಇಳಿದಿತ್ತು. ಅದನ್ನು ತೆಗೆಯದೆ ಸಂಜೆಯವರೆಗೂ ಬಾಗಿಲಲ್ಲಿ ಕೂತಿದ್ದರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರಿಗೂ ನಮ್ಮಲ್ಲಿ ಸನ್ಮಾನ ನಡೆಯುತ್ತದೆ.

ಹೊಸ ಹಕ್ಕಿಗಳಿಗೂ ಬಕೆಟ್ಟಿನ ಮೀನೇ ರೂಢಿಯಾಯಿತು. ಆಮೇಲೆ ಅವರ ಸಕ್ಕರೆ ಕಾಯಿಲೆ ಕಾಲಿಗೆ ಇಳಿಯಿತು. ಮಗಳು ಅರಸೀಕೆರೆಗೆ ಕರೆದುಕೊಂಡು ಹೋದಳು. ಕಾರು ಹತ್ತುವಾಗ ನನ್ನನ್ನು ಕರೆದು, "ಬಕೆಟ್ಟು ಜಗಲಿ ಮೇಲೈತೆ ಸಿಸ್ಟರ್. ಬತ್ತೀನಿ" ಎಂದರು. ಅವರು ಬರಲಿಲ್ಲ, ಸುದ್ದಿ ಬಂತು...

ಹಕ್ಕಿಗಳಿಗೆ ಸುದ್ದಿ ಮುಟ್ಟಿಸುವವರು ಯಾರು. ಮೂರೂ ಮೆಟ್ಟಿಲ ಬಳಿ ಕಾದವು. ಬಂದು ಕರೆದೊಯ್ಯಿರಿ ಎಂದು ಆಸ್ಪತ್ರೆಗೆ ಹೇಳಿದರೆ, ಮೂರೂ ಸೆಟಲ್ ಆಗಿವೆ, ರಿಪೋರ್ಟ್ ಇದೆ ಎಂಬ ಉತ್ತರ. ಒಂದು ಹಕ್ಕಿ ಹೇಗೋ ಕಲಿತು ಗುಂಪಿನ ಜೊತೆ ಹಾರಿಹೋಯಿತು. ಇನ್ನೊಂದು ಬಸ್ತಿಹಳ್ಳಿ ಕಡೆಯ ದಡದಲ್ಲಿ ಸತ್ತು ಬಿದ್ದಿತ್ತು. ಮುಟ್ಟಿದರೆ ಎದೆಮೂಳೆ ಕೈಗೆ ಚುಚ್ಚುತ್ತಿತ್ತು. ಬಳೆಯ ಅಕ್ಷರ ಓದಿ ತಿಳಿಸಿದೆ. ಈ ಹಕ್ಕಿ ಸದಾ ಆರೋಗ್ಯವಾಗಿತ್ತಲ್ಲ, ತಪ್ಪು ಓದಿರಬಹುದು, ಇನ್ನೊಮ್ಮೆ ನೋಡಿ ಎಂದರು. ಮೊದಲು ಬಂದದ್ದು ಮಾತ್ರ ಬಲೆಗಾರರು ಎಸೆದ ಕಸಮೀನು ತಿಂದುಕೊಂಡು ಇಲ್ಲೇ ಉಳಿಯಿತು. ಅದರ ಬಗ್ಗೆ ವರದಿ ಮಾಡುವವರು ಯಾರೂ ಇರಲಿಲ್ಲ.

ಕಳೆದ ವಾರ ಬಸ್ಸಿಳಿದು, ಆ ಬಕೆಟ್ಟಿನವನಿಂದಲೇ ಒಂದಿಷ್ಟು ಮೀನು ಕೊಂಡು ಕೆರೆಗೆ ಹೋದೆ. ಹಳೇ ಹಕ್ಕಿ ಮೆಟ್ಟಿಲು ಹತ್ತಿ ಬಂತು. ಬಳೆಯ ಹಳದಿ ಮಾಸಿದ್ದರೂ ಅಕ್ಷರ ಓದಲು ಬಂತು. ಅಲ್ಲೇ ನಿಂತು ಮೊಬೈಲಿನಲ್ಲಿ ಹಕ್ಕಿ ಆಸ್ಪತ್ರೆಗೆ ಬರೆದೆ: "ಕಂಡಿದೆ. ಮೀನು ಹಾಕಿದ್ದಕ್ಕೆ ಹತ್ತಿರ ಬಂತು. ತಾನಾಗಿ ಹಿಡಿದದ್ದನ್ನು ನೋಡಿಲ್ಲ."

ಇಷ್ಟು ಬರೆಯಲು ಆ ಮನುಷ್ಯನಿಗೆ ಏನು ರೋಗ ಬಂದಿತ್ತು? ಅವರ ಮುಖಕ್ಕೆ ಹಿಡಿದು ಹಂಗಿಸಬೇಕು ಅನ್ನಿಸಿತು. ಮೊಬೈಲು ಕೈಯಲ್ಲೇ ಹಿಡಿದುಕೊಂಡು ನಮ್ಮ ಬೀದಿಗೆ ಬಂದೆ. ಎದುರುಮನೆಗೆ ಬೀಗ ಬಿದ್ದು ಎಷ್ಟೋ ಕಾಲವಾಗಿದೆ, ಬಾಗಿಲಲ್ಲಿ ಆ ಕುರ್ಚಿಯೂ ಇಲ್ಲ. ಬೈಸಿಕೊಳ್ಳಲಿಕ್ಕಾದರೂ ಅವರು ಇರಬೇಕಿತ್ತು... ಕತ್ತು ಎತ್ತಿ ನಡೆಯಿರಿ ಅನ್ನುವವರಿಲ್ಲದ ಬೀದಿಯಲ್ಲಿ ತಲೆ ತಗ್ಗಿಸಿಕೊಂಡೇ ನಮ್ಮ ಮನೆಯ ಬಾಗಿಲು ತೆಗೆದೆ.