ಅಕ್ಕ ಬಸ್ಸಿನಿಂದ ಇಳಿದಲ್ಲಿ

ಊರೂರು ಸುತ್ತುವುದೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಕುಮಟಾದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ ರಜೆ ಬಂತೆಂದರೆ ಚೀಲ ತುಂಬಿಕೊಂಡು ಹೊರಟುಬಿಡುತ್ತಿದ್ದೆ. ಹೋದಲ್ಲೆಲ್ಲ ಕೋಟೆ, ಅರಮನೆ, ಮ್ಯೂಸಿಯಂ ನೋಡಿ, ಫೋಟೊ ತೆಗೆದು, ಮುಂದಿನ ಜಾಗಕ್ಕೆ ಓಡುವುದೇ ನನ್ನ ಪದ್ಧತಿ. ನಿವೃತ್ತಳಾದ ಮೇಲೆ ಶ್ರೀಲಂಕಾಕ್ಕೆ ಹೊರಟ ಪ್ರವಾಸದ ತಂಡವೊಂದನ್ನು ಸೇರಿದಾಗ, ಈ ಸಲ ಅಕ್ಕನನ್ನೂ ಕರೆದುಕೊಂಡು ಹೋಗೋಣ ಅನ್ನಿಸಿತು.

ಅಕ್ಕ ಇರುವುದು ಭಟ್ಕಳದಲ್ಲಿ. ಭಾವನ ಬೋಟನ್ನು ಈಗ ಮಗ ನೋಡಿಕೊಳ್ಳುತ್ತಾನೆ. ಬೋಟು ಬಂದ ದಿನ ಅವಳು ಈಗಲೂ ಬಂದರಿಗೆ ಹೋಗಿ ಮೀನಿನ ಹರಾಜಿನಲ್ಲಿ ನಿಲ್ಲುವವಳು. ಉತ್ತರಕ್ಕೆ ಕಾರವಾರ, ದಕ್ಷಿಣಕ್ಕೆ ಮಂಗಳೂರು, ಅದರಾಚೆಯ ಊರು ಕಂಡವಳಲ್ಲ. ಬರುವುದಿಲ್ಲ ಅನ್ನುತ್ತಾಳೆ ಎಂದುಕೊಂಡೇ ಫೋನ್ ಮಾಡಿದೆ.

"ಬತ್ತೇನೆ. ಎಂತಕ್ಕೆ ಬರೂದಿಲ್ಲ? ಪಾಸ್‌ಪೋರ್ಟ್ ಅದೆ ನನ್ನ ಹತ್ರ" ಅಂದಳು.

ನನಗೆ ಆಶ್ಚರ್ಯ. ಪಕ್ಕದ ಮನೆಯ ನವಾಯತ ಮುಸ್ಲಿಂ ಹೆಂಗಸು ದುಬೈಯಲ್ಲಿರುವ ಮಕ್ಕಳ ಹತ್ತಿರ ಆಗಾಗ ಹೋಗಿಬರುವವರು. ಒಂದಲ್ಲ ಒಂದು ದಿನ ಬೇಕಾಗುತ್ತದೆ ಎಂದು ಅಕ್ಕನನ್ನು ಎಳೆದುಕೊಂಡು ಹೋಗಿ ಪಾಸ್‌ಪೋರ್ಟ್ ಮಾಡಿಸಿದ್ದರಂತೆ. ಅವರ ನವಾಯತಿ ಭಾಷೆ, ಅಕ್ಕನ ಕೊಂಕಣಿ, ನಡುವೆ ಇಬ್ಬರ ಕನ್ನಡ, ಹೀಗೆ ಕಂಪೌಂಡಿನ ಆಚೆ ಈಚೆ ನಿಂತು ಇಷ್ಟು ವರ್ಷ ಮಾತಾಡಿದವರು.

ಕೊಲಂಬೊದಲ್ಲಿ ಇಳಿದ ಮಾರನೆಯ ಬೆಳಿಗ್ಗೆ ನಮ್ಮ ಬಸ್ಸು ನೆಗೊಂಬೊ ಎಂಬ ಕಡಲ ಊರಿಗೆ ಹೋಯಿತು. ಅಲ್ಲಿನ ಹಳೆಯ ಚರ್ಚು, ಡಚ್ಚರು ತೋಡಿದ ಕಾಲುವೆ, ಎರಡರ ಬಗ್ಗೆಯೂ ನಾನು ಮೊದಲೇ ಓದಿಕೊಂಡು ಹೋಗಿದ್ದೆ. ದಾರಿಯಲ್ಲಿ ಮೀನಿನ ಮಾರುಕಟ್ಟೆಯ ಹಿಂದಿನ ಕಡಲತೀರದಲ್ಲಿ, ಫೋಟೊಕ್ಕೆಂದು ಬಸ್ಸು ನಿಲ್ಲಿಸಿದರು. ಉದ್ದಕ್ಕೂ ಮರಳ ಮೇಲೆ ನಾರಿನ ಚಾಪೆ ಹಾಸಿ ಮೀನು ಒಣಹಾಕಿದ್ದರು. ಕಣ್ಣು ಹೋದಷ್ಟು ದೂರ ಬೆಳ್ಳಗೆ, ಕಂದು, ಮತ್ತೆ ಬೆಳ್ಳಗೆ. ತಂಡದವರು ಕೆಲವರು ಮೂಗಿಗೆ ಕರವಸ್ತ್ರ ಹಿಡಿದು ಬಸ್ಸಿನಲ್ಲೇ ಕೂತರು. ಅಕ್ಕ ಮಾತ್ರ ಇಳಿದು ಸೀದಾ ಮೀನು ಮಗುಚುತ್ತಿದ್ದ ಹೆಂಗಸರ ಹತ್ತಿರ ನಡೆದಳು. ಬಗ್ಗಿ ಒಂದು ಮೀನು ಎತ್ತಿ, ಮುರಿದು, ಮೂಸಿ, "ಚಲೋ ಒಣಗಿದೆ" ಎಂದು ಅಲ್ಲೊಬ್ಬಳಿಗೆ ಕನ್ನಡದಲ್ಲೇ ಹೇಳಿದಳು. ಆಕೆ ತನ್ನ ಭಾಷೆಯಲ್ಲಿ ಏನೋ ಹೇಳಿ ನಕ್ಕಳು.

ಗೈಡ್ ಗಡಿಯಾರ ನೋಡುತ್ತ, "ಹೊರಡೋಣ, ಹೊರಡೋಣ" ಎಂದು ಕೈ ಬೀಸುತ್ತಿದ್ದ. ಅಷ್ಟರಲ್ಲಿ ಕಡಲ ಕಡೆಯಿಂದ ಗಾಳಿ ಬೀಸಿತು. ಅಕ್ಕ ತಲೆಯೆತ್ತಿ ನೋಡಿದಳು. ಆ ಹೆಂಗಸರೂ ನೋಡಿದರು. ಮೋಡ ಕಪ್ಪಗೆ ಏರಿ ಬರುತ್ತಿತ್ತು. ಒಬ್ಬಳು ಕೂಗಿದ್ದೇ ತಡ, ತೀರಕ್ಕೆ ತೀರವೇ ಓಡತೊಡಗಿತು. ಅಕ್ಕ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಚಾಪೆಯ ಒಂದು ತುದಿ ಆಗ ನಕ್ಕ ಹೆಂಗಸಿನದು, ಇನ್ನೊಂದು ತುದಿ ಅಕ್ಕನದು. ಮಡಚುವುದು, ಮೀನು ನಡುವಿಗೆ ಗುಡ್ಡೆ ಮಾಡುವುದು, ಬುಟ್ಟಿಗೆ ತುಂಬುವುದು; ಇಬ್ಬರೂ ವರ್ಷಗಟ್ಟಲೆ ಜೊತೆಗೆ ದುಡಿದವರ ಹಾಗಿದ್ದರು.

ನಾನು ಕೊಡೆ ಬಿಡಿಸಿಕೊಂಡು ನಿಂತೇ ಇದ್ದೆ. ಅಕ್ಕ ತಿರುಗಿ ನೋಡಿ, "ಎಂತ ನೋಡ್ತೀಯೇ? ಬಾ, ಆ ಕಡೆದು ಹಿಡಿ!" ಎಂದು ಕೂಗಿದಳು.

ಕೊಡೆ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಹೊನ್ನಾವರದ ನಮ್ಮ ತವರಿನ ಅಂಗಳದಲ್ಲಿ ಆಯಿ ಒಣಹಾಕಿದ ಮೀನನ್ನು ಮಳೆ ಬರುವ ಮೊದಲು ಒಳಗೆ ತರಲು ನಾವಿಬ್ಬರೂ ಓಡುತ್ತಿದ್ದುದು ಕೈಗಳಿಗೆ ನೆನಪಿತ್ತು. ಕೊನೆಯ ಬುಟ್ಟಿಯ ಮೇಲೆ ತಾಡಪತ್ರಿ ಎಳೆಯುವಾಗ ಮಳೆ ಜೋರಾಗಿ ಸುರಿಯಿತು. ನಾವು ಪೂರಾ ತೊಯ್ದು ತಟ್ಟಿಯ ಚಪ್ಪರದಡಿ ಸೇರಿದೆವು. ಅಲ್ಲಿ ಹಾಲಿಲ್ಲದ ಚಹಾ ಕೊಟ್ಟರು, ಜೊತೆಗೆ ಕೈಯಲ್ಲಿ ಒಂದೊಂದು ತುಂಡು ಬೆಲ್ಲ. ಬೆಲ್ಲ ಕಚ್ಚಿ ಚಹಾ ಹೀರಬೇಕು. ಆ ಹೆಂಗಸು ತನ್ನ ಸೆರಗಿನಿಂದಲೇ ಅಕ್ಕನ ತಲೆ ಒರೆಸಿದಳು. ಮನೆಯಲ್ಲಿ ಯಾರ್ಯಾರಿದ್ದಾರೆ, ಬೋಟು ಎಷ್ಟು ದೊಡ್ಡದು, ಗಂಡ ಇದ್ದಾನೋ ಇಲ್ಲವೋ, ಎಲ್ಲವನ್ನೂ ಅವರು ಕೈಸನ್ನೆಯಲ್ಲೇ ಕೇಳಿ ತಿಳಿದುಕೊಂಡರು. ಗಂಡನ ಮಾತು ಬಂದಾಗ ಅಕ್ಕ ಕೈಯನ್ನು ಆಕಾಶದ ಕಡೆ ಎತ್ತಿದಳು. ಆಕೆಯೂ ಹಾಗೇ ಎತ್ತಿದಳು.

ಅಂದು ಕಾಲುವೆ ನೋಡಲಾಗಲಿಲ್ಲ. ಗೈಡ್ ಮುಖ ಊದಿಸಿಕೊಂಡಿದ್ದ. ಬಸ್ಸಿನೊಳಗೆ ಮೀನಿನ ವಾಸನೆ ಹರಡಿದಾಗ ಮುಂದಿನ ಸೀಟಿನ ಹೆಂಗಸು ಸೆಂಟಿನ ಬಾಟಲಿ ಹಿಂದಕ್ಕೆ ಚಾಚಿದರು. ಅಕ್ಕ ಧಾರಾಳವಾಗಿ ಮೈಗೆಲ್ಲ ಹಚ್ಚಿಕೊಂಡು, "ಈಗ ತಾರ್ಲೆ ಮೀನಿಗೆ ಮಲ್ಲಿಗೆ ಮುಡಿಸಿದ ಹಾಗಾತು" ಅಂದಳು. ಮೊದಲು ನಕ್ಕವರು ಆ ಹೆಂಗಸೇ. ಆಮೇಲೆ ಬಸ್ಸೆಲ್ಲ ನಕ್ಕಿತು. ಮುಂದಿನ ದಿನಗಳಲ್ಲಿ ಎಲ್ಲಿ ಬಸ್ಸು ನಿಂತರೂ ತಂಡದವರು ಅಕ್ಕ ಯಾರ ಹತ್ತಿರ ಹೋಗುತ್ತಾಳೆ ಎಂದು ನೋಡುತ್ತಿದ್ದರು. ಒಬ್ಬೊಬ್ಬರಾಗಿ ಅವಳ ಹಿಂದೆ ನಡೆಯಲೂ ಶುರುಮಾಡಿದರು.

ಅಷ್ಟು ದೇಶ ತಿರುಗಿದ ನನಗೆ ಅಕ್ಕನ ಈ ಧೈರ್ಯ ಕಂಡು ಹೆಮ್ಮೆಯಾಯಿತು. ಅವಳಿಗೆ ಅದು ಧೈರ್ಯ ಎಂಬುದೂ ಗೊತ್ತಿರಲಿಲ್ಲ. ಎದುರಿಗೆ ಮನುಷ್ಯರು ಕಂಡರೆ ಮಾತಾಡಿಸುವುದು, ಅಷ್ಟೇ.

ಊರಿಗೆ ಮರಳಿದ ಮೇಲೆ ಒಮ್ಮೆ ಅವಳೇ ಫೋನ್ ಮಾಡಿದಳು. "ಅಪ್ಸರಕೊಂಡ ನೋಡೇ ಇಲ್ಲ ಮಾರಾಯ್ತಿ ನಾನು. ಹೋಗ್ವಾ?"

ಹುಟ್ಟಿದ್ದು ಹೊನ್ನಾವರ, ಅಪ್ಸರಕೊಂಡದ ಜಲಪಾತ ಅಲ್ಲೇ ಹತ್ತಿರ. ಆದರೂ ಅವಳು ನೋಡಿರಲಿಲ್ಲ. ನಾನು ಕುಮಟಾದಿಂದ, ಅವಳು ಭಟ್ಕಳದಿಂದ ಬಸ್ಸಿನಲ್ಲಿ ಬಂದು ಸೇರಿದೆವು. ಮೆಟ್ಟಿಲಿಳಿಯುವಾಗ ಮೊಣಕಾಲು ನೋವಿನಿಂದ ನಿಂತಿದ್ದ ಹುಬ್ಬಳ್ಳಿಯ ಹೆಂಗಸೊಬ್ಬರಿಗೆ ಅಕ್ಕ ಹೆಗಲು ಕೊಟ್ಟಳು. ಕೆಳಗೆ ಹೋಗಿ ಜಲಪಾತದ ನೀರಿಗೆ ಕಾಲು ಇಳಿಬಿಟ್ಟು ಮೂವರೂ ಕೂತೆವು.

"ನೀವು ಇಲ್ಲಿಯವರೇ ಏನ್ರೀ?" ಅವರು ಕೇಳಿದರು.

"ಹೌದು" ಅಂದಳು ಅಕ್ಕ, "ಆದ್ರೆ ನೋಡೂದು ಇವತ್ತೇ ಮೊದಲು." ಹೇಳಿ, ಬೊಗಸೆಯಲ್ಲಿ ನೀರು ತುಂಬಿ ಮುಖಕ್ಕೆ ಚಿಮುಕಿಸಿಕೊಂಡು, ಹುಬ್ಬಳ್ಳಿಯಲ್ಲಿ ಈಗ ಸೆಕೆ ಹೇಗಿದೆ ಎಂದು ವಿಚಾರಿಸತೊಡಗಿದಳು.