ಸ್ನಾನದ ಕಾಲಂನಲ್ಲಿ ಸೊನ್ನೆ

ಜೆರಂಟಾಲಜಿ ಅಂದರೇನು ಅಂತ ನಮ್ಮ ಬೀದಿಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿತ್ತು. ವಯಸ್ಸಾದವರ ಬದುಕು, ಆರೋಗ್ಯ, ಆರೈಕೆ ಕುರಿತ ಓದು ಅಂದರೆ ಪಕ್ಕದ ಮನೆಯಾಕೆ ನಕ್ಕಳು. "ಅದಕ್ಕೂ ಒಂದು ಡಿಗ್ರಿನಾ? ನಮ್ಮತ್ತೆ ಜೊತೆ ಒಂದ್ ವಾರ ಇರು, ಸರ್ಟಿಫಿಕೇಟ್ ನಾನೇ ಕೊಡ್ತೀನಿ" ಅಂದಳು. ನನಗೋ ಮೂಗಿನ ತುದಿಯಲ್ಲೇ ಕೋಪ. "ಮೊದ್ಲು ನಿಮ್ಮತ್ತೆಗೆ ಟೈಮಿಗೆ ಸರಿಯಾಗಿ ಊಟ ಹಾಕಿ ಆಂಟಿ" ಅಂದುಬಿಟ್ಟೆ. ಆಮೇಲೆ ಅಮ್ಮನಿಂದ ಚೆನ್ನಾಗಿ ಬೈಸಿಕೊಂಡೆ. ನಿಜ ಹೇಳಬೇಕೆಂದರೆ ನಾನೇನೂ ಮುದುಕರ ಮೇಲಿನ ಪ್ರೀತಿಯಿಂದ ಆ ಕೋರ್ಸು ಸೇರಿದವಳಲ್ಲ. ನರ್ಸಿಂಗ್ ಸೀಟು ಸಿಗಲಿಲ್ಲ, ತುಮಕೂರು ಬಿಟ್ಟು ಹೋಗಲು ಮನೆಯಲ್ಲಿ ಒಪ್ಪಲಿಲ್ಲ. ಇದು ಸಿಕ್ಕಿತು, ಸೇರಿದೆ.

ಮೂರನೇ ವರ್ಷ ಫೀಲ್ಡ್ ವರ್ಕ್. ಒಬ್ಬೊಬ್ಬ ವಿದ್ಯಾರ್ಥಿಗೆ ಒಬ್ಬೊಬ್ಬ ಹಿರಿಯರು. ಕೆಲವರಿಗೆ ಕುಣಿಗಲ್ ಕಡೆ ಬಂತು, ನನಗೆ ಚೇಳೂರಿನ ಹತ್ತಿರದ ಹಳ್ಳಿಯ ಒಬ್ಬ ಅಜ್ಜಿ. ಗುಬ್ಬಿಯಲ್ಲಿ ಬಸ್ಸು ಬದಲಿಸಿ, ಕತ್ತಿಗೆ ಐಡಿ ಕಾರ್ಡು ನೇತುಹಾಕಿಕೊಂಡು ಹೋದೆ. ಎಪ್ಪತ್ತು ದಾಟಿದ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

ನನ್ನ ಕೈಯಲ್ಲಿ ಒಂದು ಫಾರಂ ಇತ್ತು. ದಿನದ ಕೆಲಸಗಳನ್ನು ಹಿರಿಯರು ತಾವೇ ಮಾಡಿಕೊಳ್ಳುತ್ತಾರೋ ಇಲ್ಲವೋ ಎಂದು ಅಳೆಯುವುದು ಅದರ ಉದ್ದೇಶ. ತಾವೇ ಮಾಡಿಕೊಂಡರೆ ಒಂದು, ಇಲ್ಲದಿದ್ದರೆ ಸೊನ್ನೆ.

"ಸ್ನಾನ ನೀವೇ ಮಾಡ್ಕೋತೀರಾ ಅಜ್ಜಿ?"

"ಸೊಸೆ ಹುಯ್ತಾಳೆ ಕಣ್ ಮಗ."

ಸೊನ್ನೆ.

"ಅಡುಗೆ?"

"ಸೊಸೆ ಬಂದ್ಮೇಲೂ ನಾನೇ ಒಲೆ ಮುಂದೆ ಕೂತ್ರೆ ಊರೋರು ಏನಂದಾರು?"

ಇನ್ನೊಂದು ಸೊನ್ನೆ. ಬಟ್ಟೆ ಒಗೆಯುವುದು ಸೊಸೆ, ಅಂಗಡಿ ಸಾಮಾನು ತರುವುದು ಮಗ. ಎಂಟು ಪ್ರಶ್ನೆಗೆ ಬಂದಿದ್ದು ಎರಡೇ ಅಂಕ.

ಆ ಮನೆಯಲ್ಲಿ ವಾರಕ್ಕೊಮ್ಮೆ ಎಣ್ಣೆ ಹಚ್ಚಿ ತಲೆಗೆ ನೀರು ಹುಯ್ಯುವುದು ಯಾವಾಗಲೂ ಇನ್ನೊಬ್ಬರ ಕೈಯ ಕೆಲಸ. ಕಲ್ಲುಗುಂಡಿನಂತಿದ್ದ ಮಗನೂ ಹೆಂಡತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹುಯ್ಯಿಸಿಕೊಳ್ಳುತ್ತಿದ್ದ. ಅಷ್ಟೇಕೆ, ತುಮಕೂರಲ್ಲಿ ಇಪ್ಪತ್ತು ವರ್ಷದ ನನಗೂ ಅಮ್ಮನೇ ಹುಯ್ಯುತ್ತಿದ್ದಳು. ಪೆನ್ನು ಹಿಡಿದ ಹೊತ್ತಲ್ಲಿ ಅದು ತಲೆಗೆ ಹೊಳೆಯಲೇ ಇಲ್ಲ ನೋಡಿ.

ಹೊರಡುವಾಗ ಮಗ ತೋಟದಿಂದ ಬಂದ. "ನಮ್ಮವ್ವಂದು ಹೆಂಗೈತೆ ಮೇಡಂ?" ಅಂದ. ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನನ್ನು ಮೇಡಂ ಅಂದಿದ್ದು. ತಲೆ ತಿರುಗಿತು. "ಅಜ್ಜಿ ಪೂರ್ತಿ ಬೇರೆಯವರ ಮೇಲೆ ಡಿಪೆಂಡ್ ಆಗಿದಾರೆ. ಒಬ್ಬರನ್ನೇ ಎಲ್ಲೂ ಬಿಡಬೇಡಿ" ಅಂತ ಉಪದೇಶ ಮಾಡಿ ಬಸ್ಸು ಹತ್ತಿದೆ.

ಇಂಟರ್ನಲ್ ಪರೀಕ್ಷೆ ಮುಗಿಸಿ ಮೂರು ವಾರ ಬಿಟ್ಟು ಹೋದಾಗ ಅಜ್ಜಿಯ ಮುಖ ಗಡಿಗೆಯಂತೆ ಊದಿತ್ತು.

"ಬಾರವ್ವ ಡಾಕ್ಟ್ರಮ್ಮ. ನನ್ ಬಸ್ಸಿಗೆ ಕಲ್ಲಾಕ್ಬುಟ್ಟು ಹೋದ್ಯಲ್ಲ!"

ಆಗ ಗೊತ್ತಾಯಿತು. ಗುಬ್ಬಿಯಲ್ಲಿ ಅವಳ ಅಕ್ಕ ಇದ್ದಾಳೆ. ಬಿದ್ದು ಸೊಂಟ ಮುರಿದ ಮೇಲೆ ನಡೆಯಲಾರಳು. ತನ್ನ ಸೊಸೆಯ ಮುಂದೆ ಸೀರೆ ಬಿಚ್ಚಲು ನಾಚಿಕೆ, ತಂಗಿಯ ಕೈ ಬಿಟ್ಟರೆ ಬೇರೆಯವರ ಕೈಯಿಂದ ಹುಯ್ಯಿಸಿಕೊಳ್ಳುವುದಿಲ್ಲ. ಪ್ರತಿ ಶುಕ್ರವಾರ ಈ ಅಜ್ಜಿ ಒಬ್ಬಳೇ ಬಸ್ಸು ಹತ್ತಿ ಹೋಗಿ, ಹಂಡೆ ಕಾಯಿಸಿ, ಅಕ್ಕನಿಗೆ ಎಣ್ಣೆ ಹಚ್ಚಿ ನೀರು ಹುಯ್ದು ಬರುತ್ತಿದ್ದಳು. ನನ್ನ ಮಾತು ಕೇಳಿ ಮಗ ಅದನ್ನು ನಿಲ್ಲಿಸಿದ್ದ. ಮೂರು ಶುಕ್ರವಾರ ಕಳೆದಿತ್ತು.

ನನಗೆ ಮೊದಲು ಬಂದಿದ್ದು ಸಿಟ್ಟೇ, ಅದೂ ಅಜ್ಜಿಯ ಮೇಲೆ. "ಅವತ್ತೇ ಹೇಳಬಾರದಿತ್ತಾ?" ಅಂತ ರೇಗಿದೆ.

"ನೀನು ಕೇಳಿದ್ಯಾ? ನಂಗ್ಯಾರು ಹುಯ್ತಾರೆ ಅಂತ ಕೇಳ್ದೆ, ಹೇಳ್ದೆ. ನಾನ್ಯಾರ್ಗೆ ಹುಯ್ತೀನಿ ಅಂತ ಕೇಳಿದ್ಯಾ?"

ಕೇಳಿರಲಿಲ್ಲ.

ಮಗನಿಗಾಗಿ ಕಾದು ಕೂತೆ. ಬಂದವನಿಗೆ ನಾನು ಬರೆದದ್ದು ತಪ್ಪು ಎಂದು ನೇರವಾಗಿ ಹೇಳಿದೆ. ಅವನಿಗೆ ರೇಗಿತು, ರೇಗುವುದು ನ್ಯಾಯವೇ. "ಅವತ್ತು ಬುಡಬೇಡಿ ಅಂದ್ರಿ, ಇವತ್ತು ಬುಡಿ ಅಂತೀರ. ದೊಡ್ಡಮ್ಮನಂಗೆ ಇವ್ಳೂ ಬಿದ್ರೆ ನೀವು ಬರ್ತೀರಾ ಮೇಡಂ?" ಅಂದ. ಈ ಶುಕ್ರವಾರ ನಾನೇ ಜೊತೆಗೆ ಹೋಗಿ ನೋಡಿ ಬರುತ್ತೇನೆ, ಆಮೇಲೆ ನೀವು ತೀರ್ಮಾನ ಮಾಡಿ ಅಂದೆ. ಒಪ್ಪಿದ. ಮುಂದಿನ ವಾರಗಳಲ್ಲಿ ಬಸ್ ಸ್ಟಾಪಿನವರೆಗೆ ಅವನೇ ಬೈಕಿನಲ್ಲಿ ಅವ್ವನನ್ನು ಬಿಡುತ್ತಿದ್ದ, ಅದು ಆಮೇಲಿನ ಮಾತು.

ಶುಕ್ರವಾರ ಬಸ್ಸಿಗೆ ನನಗಿಂತ ಮೊದಲು ಹತ್ತಿದ್ದು ಅಜ್ಜಿ. ಸೀಟು ಹಿಡಿದು, "ಬಾರೇ ಇಲ್ಲಿ, ನಿಂತ್ಕಂಡು ಏನ್ ನೋಡ್ತೀಯ" ಅಂತ ಕೂಗಿದಳು. ಇಳಿದ ಮೇಲೆ ಅವಳ ನಡಿಗೆಗೆ ನಾನು ಹಿಂದೆ ಬಿದ್ದೆ.

ಗುಬ್ಬಿಯ ಮನೆಯಲ್ಲಿ ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು. ತಂಗಿಯ ದನಿ ಕೇಳಿದರೂ ತಿರುಗಲಿಲ್ಲ. ಬಿಳಿ ಕೂದಲು ಜಡೆಗಟ್ಟಿತ್ತು, ವಾಸನೆ ಬರುತ್ತಿತ್ತು. ಸೊಸೆ ಪಾಪ, "ಬೇಡ್ಕೊಂಡ್ರೂ ಮುಟ್ಟಿಸ್ಕೊಳ್ಳಲ್ಲ" ಅಂತ ಕಣ್ಣೀರು ಹಾಕಿದಳು. ಅಜ್ಜಿ ಸೀರೆ ಎತ್ತಿ ಕಟ್ಟಿದಳು. ನಾವಿಬ್ಬರೂ ಸೇರಿ ಅಕ್ಕನನ್ನು ಬಚ್ಚಲಿನ ಪ್ಲಾಸ್ಟಿಕ್ ಕುರ್ಚಿಗೆ ಕೂರಿಸಿದೆವು. ತಂಗಿ ಜೊತೆಗಿದ್ದಳೆಂದೋ ಏನೋ, ನನ್ನ ಕೈ ಬೇಡ ಅನ್ನಲಿಲ್ಲ. ನಾನು ಹಂಡೆಯಿಂದ ನೀರು ಮೊಗೆದುಕೊಟ್ಟೆ. ಅಜ್ಜಿ ಒಂದೊಂದೇ ಸಿಕ್ಕು ಬಿಡಿಸುತ್ತ ಎಣ್ಣೆ ಹಚ್ಚಿ, ಸೀಗೆಪುಡಿ ತಿಕ್ಕಿದಳು.

"ಈ ಹುಡ್ಗಿ ಯಾರು?" ಎಂದು ಅಕ್ಕ ಮೊದಲ ಸಲ ಬಾಯಿ ಬಿಟ್ಟಳು.

"ಕಾಲೇಜ್ ಹುಡ್ಗಿ. ಪಾಪ, ಸಹಾಯಕ್ಕೆ ಬಂದೈತೆ."

ಅಜ್ಜಿ ನನ್ನನ್ನು ಬಿಟ್ಟುಕೊಡಲಿಲ್ಲ. ಅದನ್ನು ಮಾತ್ರ ನನ್ನಿಂದ ತಡೆಯಲಾಗಲಿಲ್ಲ. "ನಾನೇ ತಪ್ಪು ಬರೆದು ಇವರನ್ನ ಬರದ ಹಾಗೆ ಮಾಡಿದ್ದು. ಇವರದ್ದೇನೂ ತಪ್ಪಿಲ್ಲ ಅಜ್ಜಿ" ಅಂದೆ.

ಬೈಗುಳಕ್ಕೆ ಕಾದು ನಿಂತೆ. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಮುಖದ ಮೇಲಿನ ನೀರು ಒರೆಸಿಕೊಂಡು ತಂಗಿಯ ಕಡೆ ಕತ್ತೆತ್ತಿದಳು.

"ಹಂಗಾರೆ ನಿಂಗೆ ನನ್ ಮೇಲೆ ಬ್ಯಾಸ್ರ ಬಂದಿರ್ನಿಲ್ವೇನೇ?"

"ಕಣ್ ಮುಚ್ಕೊ ಅಕ್ಕ, ಸೀಗೆ ಹೋಗ್ತದೆ" ಎಂದು ಅಜ್ಜಿ ಇನ್ನೊಂದು ಚೊಂಬು ನೀರು ಹುಯ್ದಳು.